ಮುಳ್ಳಿಗೊಂದು ಗೂಡು

ಬೆಂಗಳೂರಿನ ಪುರಭವನದ ಮಗ್ಗುಲಿನಿಂದ ಹೊರಟು ದಕ್ಷಿಣಾಭಿಮುಖವಾಗಿ ಮಿನರ್ವ ವೃತ್ತವನ್ನು ಸೇರುವ ರಸ್ತೆಗೆ ಮೈಸೂರಿನ ಕಡೆಯ ಮಹಾರಾಜರಾದ ಜಯಚಾಮರಾಜೇಂದ್ರ ಒಡೆಯರ ಹೆಸರಿದೆ. ಊರಿನವರ ಬಾಯಲ್ಲಿ ಅದು ಜೆ. ಸಿ. ರೋಡು. ರಸ್ತೆಯ ತಲೆಯಲ್ಲಿ ರವೀಂದ್ರನಾಥ ಠಾಕೂರರ ಜನ್ಮಶತಾಬ್ದಿಯ ಸ್ಮಾರಕವಾಗಿ ನಿಂತಿರುವ ಕಲಾಕ್ಷೇತ್ರ. ಸಂಜೆಯಾದರೆ ಅಲ್ಲಿ ಗೆಜ್ಜೆಯ ದನಿ, ನಾಟಕದ ಮೂರನೆಯ ಗಂಟೆ. ಅಲ್ಲಿಂದ ನಾಲ್ಕು ಹೆಜ್ಜೆ ಮುಂದಿಟ್ಟರೆ ಸಾಕು, ಬೇರೊಂದು ರಂಗಭೂಮಿ ತೆರೆದುಕೊಳ್ಳುತ್ತದೆ. ಇಲ್ಲಿ ಪಾತ್ರಧಾರಿಗಳು ಮೋಟಾರುಗಳು, ವೇಷಭೂಷಣ ಮಾಡುವವರು ಅಂಗಡಿಕಾರರು.

ಸೀಟಿನ ಹೊದಿಕೆ, ಕಂಬಳಿಯಂಥ ಕಾಲ್ಹಾಸು, ಬಗೆಬಗೆಯ ಹಾರನ್ನು, ಕಣ್ಣು ಕುಕ್ಕುವ ದೀಪ, ಗಾಜಿಗೆ ಅಂಟಿಸುವ ಹಾಳೆ, ಹಿಂದೆ ನೋಡುವ ಕನ್ನಡಿ — ಮೋಟಾರಿಗೆ ಏನೇನು ಬೇಕೋ ಅಷ್ಟೂ, ಬೇಡದ್ದು ಅದಕ್ಕಿಂತ ಹೆಚ್ಚು, ಇಲ್ಲಿ ತೂಗುಹಾಕಿಕೊಂಡಿರುತ್ತವೆ. ಪಡುವಣಕ್ಕೆ ಹೊರಳಿದರೆ ಕಲಾಸಿಪಾಳ್ಯ. ಲಾರಿಗಳ, ಬಸ್ಸುಗಳ, ಹೊರೆಯಾಳುಗಳ ತವರು. ದೂರದ ಊರುಗಳಿಂದ ಬಂದ ವಾಹನಗಳಿಗೆ ಬೇಕಾದ ಬಿಡಿಭಾಗಗಳು ಹತ್ತಿರದಲ್ಲೇ ದೊರೆಯಬೇಕಲ್ಲವೆ? ಅಂಥ ಅಗತ್ಯವೇ ಈ ಪೇಟೆಯನ್ನು ಪೋಷಿಸಿತು. ಇಲ್ಲಿನ ವ್ಯಾಪಾರದ ಭಾಷೆಯೂ ಒಂದು ಗ್ಯಾರೇಜೇ ಸರಿ: ಕನ್ನಡದ ಚಾಸಿಯ ಮೇಲೆ ಉರ್ದುವಿನ ಬಾಡಿ, ತಮಿಳಿನ ಗೇರು, ಇಂಗ್ಲಿಷಿನ ಬ್ರೇಕು.

ಈ ಗದ್ದಲದ ನಡುವೆ ಗಾಜಿನ ಪೆಟ್ಟಿಗೆಯೊಳಗೆ ಸದ್ದಿಲ್ಲದೆ ಕುಳಿತಿರುವ ಒಂದು ವಸ್ತುವಿದೆ: ಅಂಗೈಯಲ್ಲಿ ಅಡಗುವ ದುಂಡನೆಯ ಮೀಟರು. ಅಡ್ಡಳತೆ 52 ಮಿಲಿಮೀಟರ್, ಹಳೆಯ ಲೆಕ್ಕದಲ್ಲಿ ಎರಡು ಅಂಗುಲಕ್ಕೆ ತುಸು ಹೆಚ್ಚು. ಒಂದು ಎಂಜಿನಿನ ನೀರಿನ ಕಾವನ್ನು ಹೇಳುತ್ತದೆ, ಇನ್ನೊಂದು ಎಣ್ಣೆಯ ಒತ್ತಡವನ್ನು, ಮತ್ತೊಂದು ಬ್ಯಾಟರಿಯ ವೋಲ್ಟನ್ನು. ಕೊಳ್ಳುವುದು ಐದು ನಿಮಿಷದ ಕೆಲಸ. ಆದರೆ ಕೊಂಡದ್ದನ್ನು ಕೂರಿಸುವುದೆಲ್ಲಿ? ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಅದಕ್ಕೆಂದು ಜಾಗವಿಲ್ಲ. ಹಳ್ಳಿಯ ಮನೆಗಳ ಗೋಡೆಯಲ್ಲಿ ದೀಪಕ್ಕೊಂದು ಗೂಡು ಇರುತ್ತಿದ್ದಂತೆ ಈ ಮೀಟರಿಗೂ ಒಂದು ಗೂಡು ಬೇಕು. ಅದೂ ಆ ಕಾರಿನ ಡೊಂಕುಗಳಿಗೆ, ಆ ಸಾರಥಿಯ ಕಣ್ಣಿಗೆ ಹೊಂದುವ ಗೂಡು. ಅಂಗಡಿಯ ಕಪಾಟಿನಲ್ಲಿ ಸಿಗದ ಆ ಗೂಡನ್ನು ಗಾಜಿನ ನಾರಿನಿಂದ, ಎಂದರೆ ಫೈಬರ್‌ಗ್ಲಾಸಿನಿಂದ, ಕೈಯಲ್ಲೇ ಕಟ್ಟುವ ಕುಶಲಿಗಳು ನಗರದ ಸಣ್ಣ ಗ್ಯಾರೇಜುಗಳಲ್ಲಿದ್ದಾರೆ.

ಕೆಂಪು ದೀಪ, ಬಿಳಿಯ ಮುಳ್ಳು

ಇಷ್ಟು ಕಷ್ಟಪಟ್ಟು ಮೀಟರು ಹಾಕಿಸಬೇಕಾದರೂ ಏಕೆ? ಕಾರಿನಲ್ಲಿ ಕೆಂಪು ದೀಪವೊಂದು ಇದ್ದೇ ಇದೆಯಲ್ಲ ಎಂದು ಯಾರಾದರೂ ಕೇಳಬಹುದು. ಕೇಳುವುದು ನ್ಯಾಯವೇ.

ಮೋಟಾರಿಗೂ ಮನುಷ್ಯನಂತೆ ಜ್ವರ ಬರುತ್ತದೆ. ಆರೋಗ್ಯವಾಗಿರುವ ಎಂಜಿನಿನ ನೀರು ಸಾಮಾನ್ಯವಾಗಿ 80ರಿಂದ 95 ಡಿಗ್ರಿ ಸೆಲ್ಷಿಯಸ್‌ವರೆಗೆ ಬಿಸಿಯಿರುತ್ತದೆ. ಸಮುದ್ರಮಟ್ಟಕ್ಕೆ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯತೊಡಗುತ್ತದೆ. ರೇಡಿಯೇಟರಿನ ಬಿರಡೆ ಒಳಗಿನ ಒತ್ತಡವನ್ನು ಹಿಡಿದಿಟ್ಟುಕೊಳ್ಳುವುದರಿಂದ ಮಾತ್ರವೇ ಕಾರಿನ ನೀರು ಅದಕ್ಕಿಂತ ಹೆಚ್ಚಿನ ಕಾವನ್ನು ತಾಳಿಕೊಳ್ಳುತ್ತದೆ. ಬಿರಡೆಯ ರಬ್ಬರು ಹಳತಾಯಿತೋ, ಫ್ಯಾನಿನ ಪಟ್ಟಿ ಸಡಿಲವಾಯಿತೋ, ತಾಳಿಕೆ ಮುಗಿಯಿತು.

ಗುಂಡ್ಯದಿಂದ ಸಕಲೇಶಪುರದತ್ತ ಶಿರಾಡಿ ಘಟ್ಟ ಏರುವ ಹಳೆಯ ಕಾರೊಂದನ್ನು ಊಹಿಸಿಕೊಳ್ಳಬಹುದು. ಮುಂದೆ ತೆವಳುವ ಲಾರಿ, ಎರಡನೆಯ ಗೇರಿನಲ್ಲಿ ನರಳುವ ಎಂಜಿನ್, ಹಿಂದಿನ ಸೀಟಿನಲ್ಲಿ ನಿದ್ದೆಹೋದ ಮಕ್ಕಳು. ಕೆಂಪು ದೀಪ ಹೊತ್ತಿಕೊಳ್ಳುವ ವೇಳೆಗೆ ಜ್ವರ ನೆತ್ತಿಗೇರಿರುತ್ತದೆ. ಸಿಲಿಂಡರಿನ ತಲೆ ಡೊಂಕಾಗಿ, ನಡುವಿನ ಗ್ಯಾಸ್ಕೆಟ್ಟು ಸುಟ್ಟು, ಸಂಸಾರ ಕಾಡಿನ ನಡುವೆ ಇಳಿದು ನಿಲ್ಲಬೇಕಾದೀತು. ಮೀಟರಿನ ಮುಳ್ಳು ಹಾಗಲ್ಲ. ಮೈ ಬೆಚ್ಚಗಾದಾಗಲೇ ಅದು ಹೇಳಲಾರಂಭಿಸುತ್ತದೆ. 90ರಿಂದ 95ಕ್ಕೆ, 95ರಿಂದ 100ಕ್ಕೆ ಮುಳ್ಳು ಸರಿಯುವುದನ್ನು ಕಂಡ ಸಾರಥಿ ಅಗಲವಾದ ತಿರುವೊಂದರಲ್ಲಿ ಗಾಡಿ ನಿಲ್ಲಿಸಿ ಎಂಜಿನನ್ನು ತಣ್ಣಗಾಗಲು ಬಿಡುತ್ತಾನೆ. ದೀಪ ಆಪತ್ತನ್ನು ಸಾರುತ್ತದೆ. ಮುಳ್ಳು ಆಪತ್ತು ಬರುವ ದಾರಿಯನ್ನು ತೋರುತ್ತದೆ.

ಮುಳ್ಳನ್ನು ಓದುವುದಕ್ಕೂ ವಿದ್ಯೆ ಬೇಕು. ಕಾವನ್ನು ಅಳೆಯುವ ಗುಂಡಿ ಎಂಜಿನಿನ ನೀರಿನಲ್ಲಿ ಮುಳುಗಿರುತ್ತದೆ. ಕೊಳವೆ ಒಡೆದು ನೀರೆಲ್ಲ ಸೋರಿಹೋದರೆ ಗುಂಡಿ ಬರಿಯ ಗಾಳಿಯಲ್ಲಿ ನಿಲ್ಲುವುದರಿಂದ ಮುಳ್ಳು ಏರುವ ಬದಲು ಇಳಿದರೂ ಇಳಿಯಬಹುದು. ಘಟ್ಟ ಏರುವಾಗ ಮುಳ್ಳು ಕಾರಣವಿಲ್ಲದೆ ಥಟ್ಟನೆ ಕುಸಿದರೆ ಅದು ನೆಮ್ಮದಿಯ ಸೂಚನೆಯಲ್ಲ, ಕೂಡಲೇ ಗಾಡಿ ನಿಲ್ಲಿಸಬೇಕೆಂಬ ಅಪ್ಪಣೆ. ಒಳ್ಳೆಯ ಮೇಸ್ತ್ರಿ ಮೀಟರು ಕೂರಿಸಿ ಹಣ ಎಣಿಸಿಕೊಳ್ಳುವ ಮುನ್ನ ಈ ಒಂದು ಮಾತನ್ನು ಒಡೆಯನ ಕಿವಿಗೆ ಹಾಕಿಯೇ ಕಳುಹಿಸುತ್ತಾನೆ.

ಓಹಯೋದಿಂದ ಬೆಂಗಳೂರಿಗೆ

ಗೂಡಿಗೆ ಬಳಸುವ ಗಾಜಿನ ನಾರಿಗೂ ತನ್ನದೇ ಆದ ಪ್ರವಾಸಕಥನವಿದೆ. ಅಮೆರಿಕದ ಓಹಯೋ ಪ್ರಾಂತದಲ್ಲಿ 1932ರಲ್ಲಿ ಡೇಲ್ ಕ್ಲೈಸ್ಟ್ ಎಂಬ ತರುಣ ಗಾಜಿನ ಇಟ್ಟಿಗೆಗಳನ್ನು ಒಂದಕ್ಕೊಂದು ಬೆಸೆಯಲು ಯತ್ನಿಸುತ್ತಿದ್ದ. ಕರಗಿದ ಗಾಜಿನ ಮೇಲೆ ಬಿರುಸಾದ ಗಾಳಿ ಹಾಯ್ದಾಗ ಗಾಜು ಎಳೆಎಳೆಯಾಗಿ ಹಾರಿತು. ಕೆಲಸ ಕೆಟ್ಟಿತೆಂದು ಅದನ್ನು ಗುಡಿಸಿ ಎಸೆಯದೆ ಅಲ್ಲಿನವರು ಆ ಎಳೆಗಳ ಬೆನ್ನು ಹತ್ತಿದರು. ಅದರ ಫಲವಾಗಿ 1938ರಲ್ಲಿ ಓವೆನ್ಸ್-ಕಾರ್ನಿಂಗ್ ಸಂಸ್ಥೆ ಹುಟ್ಟಿತು. ತಲೆಗೂದಲಿಗಿಂತ ಹಲವು ಪಟ್ಟು ತೆಳುವಾದ ಆ ಎಳೆಗೆ ರೆಸಿನ್ ಎಂಬ ಅಂಟುದ್ರವ ಜೊತೆಗೂಡಿದಾಗ ಹಗುರವೂ ಗಟ್ಟಿಯೂ ತುಕ್ಕು ಹಿಡಿಯದ್ದೂ ಆದ ಹೊಸ ವಸ್ತುವೊಂದು ಲೋಕಕ್ಕೆ ದೊರೆಯಿತು. 1953ರಲ್ಲಿ ಮಿಷಿಗನ್ ಪ್ರಾಂತದ ಫ್ಲಿಂಟ್ ನಗರದಲ್ಲಿ ಷೆವರ್ಲೆ ಸಂಸ್ಥೆ ಕಾರ್ವೆಟ್ ಎಂಬ ಕಾರಿಗೆ ಇದರಿಂದಲೇ ಮೈಕಟ್ಟು ಮಾಡಿತು. ಮೊದಲ ವರ್ಷ ತಯಾರಾದವು 300 ಕಾರುಗಳು, ಹೆಚ್ಚಿನ ಪಾಲು ಕೈಕೆಲಸದಿಂದಲೇ.

ಗಾಜಿನ ನಾರಿನ ಕಾರು ಬೆಂಗಳೂರಿಗೂ ಹೊಸದಲ್ಲ. ಇಲ್ಲಿನ ಸಿಪಾನಿ ಸಂಸ್ಥೆ 1982ರಲ್ಲಿ ಇಂಗ್ಲೆಂಡಿನ ರಿಲಯಂಟ್ ಕಿಟನ್ ಮಾದರಿಯನ್ನು ಅನುಸರಿಸಿ ಡಾಲ್ಫಿನ್ ಎಂಬ ಪುಟ್ಟ ಕಾರನ್ನು ಹೊರತಂದಿತು. ಎರಡೇ ಬಾಗಿಲು, 848 ಸಿ.ಸಿ. ಎಂಜಿನ್, ಫೈಬರ್‌ಗ್ಲಾಸಿನ ಮೈ. ಹಗುರವಾದ್ದರಿಂದ ಮೋಟಾರ್ ಪಂದ್ಯಗಳ ತರುಣರಿಗೆ ಅದು ಮೆಚ್ಚಾಯಿತು. ಆದರೆ ಸಂಸಾರಸ್ಥರು ಉಕ್ಕಿನ ಮೈಯನ್ನೇ ನೆಚ್ಚಿದರು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದಮೇಲಂತೂ ಡಾಲ್ಫಿನ್ ಹಿಂದೆ ಬಿದ್ದಿತು. ಕಾರಿನ ಇಡೀ ಮೈಯಾಗಿ ನಮ್ಮ ಜನರ ವಿಶ್ವಾಸವನ್ನು ಗಳಿಸದ ವಸ್ತುವೇ ಇಂದು ಕಾರಿನೊಳಗೆ ಅಂಗೈಯಗಲದ ಗೂಡಾಗಿ ತನ್ನ ಯೋಗ್ಯತೆಯನ್ನು ತೋರುತ್ತಿದೆ.

ಗೂಡು ಕಟ್ಟುವ ಬಗೆ

ಗೂಡು ಕಟ್ಟುವ ಗ್ಯಾರೇಜು ನೋಟಕ್ಕೆ ದೊಡ್ಡದೇನೂ ಅಲ್ಲ. ತಗಡಿನ ಮಾಡು, ಗೋಡೆಗೊರಗಿದ ಬಂಪರುಗಳು, ಮೂಲೆಯಲ್ಲಿ ಬಿಳಿಯ ಚಾಪೆಯಂತೆ ಸುತ್ತಿಟ್ಟ ಗಾಜಿನ ನಾರಿನ ಮ್ಯಾಟು. ಮೂಗಿಗೆ ಅಡರುವ ರೆಸಿನ್ನಿನ ವಾಸನೆ ಬೀದಿಯ ತಿರುವಿನಲ್ಲೇ ವಿಳಾಸ ಹೇಳುತ್ತದೆ.

ಕೆಲಸ ಆರಂಭವಾಗುವುದು ಕೈಯಿಂದಲ್ಲ, ಕಣ್ಣಿನಿಂದ. ಒಡೆಯನನ್ನು ಸಾರಥಿಯ ಸೀಟಿನಲ್ಲಿ ಕೂರಿಸಿ, "ದಿನಾ ಓಡಿಸೋ ಹಾಗೆ ಕೂತ್ಕೊಳ್ಳಿ ಸಾರ್, ಫೋಟೋಕ್ಕೆ ಕೂತ ಹಾಗೆ ಬೇಡ" ಎನ್ನುತ್ತಾನೆ ಮೇಸ್ತ್ರಿ. ಮೀಟರನ್ನು ಅಲ್ಲಿ ಹಿಡಿದು, ಇಲ್ಲಿ ಹಿಡಿದು, ರಸ್ತೆಯಿಂದ ದೃಷ್ಟಿ ಹೆಚ್ಚು ಕದಲದೆ ಕಾಣುವ ತಾಣವನ್ನು ಗುರುತಿಸುತ್ತಾನೆ. ಮೀಟರಿನ ಮುಖ ನೆಟ್ಟಗೆ ಸಾರಥಿಯ ಕಣ್ಣನ್ನೇ ನೋಡುತ್ತಿರಬೇಕು. ಓರೆಯಾದರೆ ಮುಳ್ಳು ಒಂದು ಅಂಕಿಯ ಮೇಲಿದ್ದು ಇನ್ನೊಂದರ ಮೇಲಿರುವಂತೆ ಕಾಣುತ್ತದೆ. ಪಂದ್ಯದ ಕಾರುಗಳಲ್ಲಿ ಇನ್ನೊಂದು ಜಾಣತನ ಉಂಟು: ಎಲ್ಲವೂ ಕ್ಷೇಮವಾಗಿರುವಾಗ ಮುಳ್ಳು ಗಡಿಯಾರದ ಹನ್ನೆರಡು ಗಂಟೆಯ ಕಡೆಗೆ ನೆಟ್ಟಗೆ ನಿಲ್ಲುವಂತೆ ಮೀಟರನ್ನೇ ತಿರುಗಿಸಿ ಕೂರಿಸುತ್ತಾರೆ. ಆಗ ಅಂಕಿಗಳನ್ನು ಓದಬೇಕಾಗಿಯೇ ಇಲ್ಲ. ಮುಳ್ಳು ವಾಲಿದರೆ ಕಣ್ಣಂಚಿಗೇ ತಿಳಿಯುತ್ತದೆ.

ತಾಣ ಗೊತ್ತಾದ ಮೇಲೆ ಅಲ್ಲಿನ ಪ್ಲಾಸ್ಟಿಕ್ ತುಂಡನ್ನು ಬಿಚ್ಚಿ ಮೇಜಿನ ಮೇಲೆ ತರುತ್ತಾರೆ. ಪ್ಲೈವುಡ್ಡಿನಲ್ಲಿ ಮೀಟರಿನ ಅಳತೆಗೆ ಬಳೆಯೊಂದನ್ನು ಕೊರೆದು, ಅದರ ಬೆನ್ನಿಗೆ ಪಿ.ವಿ.ಸಿ. ಕೊಳವೆಯ ತುಂಡನ್ನು ಸೇರಿಸಿ, ಸಣ್ಣ ಕಡ್ಡಿಗಳ ಆಸರೆಯಿಂದ ಬೇಕಾದ ಕೋನಕ್ಕೆ ನಿಲ್ಲಿಸುತ್ತಾರೆ. ಆಗ ಅದು ಬಿದಿರುಕಡ್ಡಿಯ ಗಾಳಿಪಟದ ಅಸ್ಥಿಪಂಜರದಂತೆ ಕಾಣುತ್ತದೆ. ಅದರ ಮೇಲೆ ಹಳೆಯ ಬನಿಯನ್ನಿನಂಥ ಹಿಗ್ಗುವ ಬಟ್ಟೆಯನ್ನು ಸುಕ್ಕಿಲ್ಲದಂತೆ ಎಳೆದು ಬಿಗಿಯುತ್ತಾರೆ. ಇಲ್ಲೇ ಇರುವುದು ಈ ವಿದ್ಯೆಯ ಸೊಗಸು. ಬಳೆಯಿಂದ ತಳದವರೆಗೆ ಬಟ್ಟೆ ತಾನೇ ತಾನಾಗಿ ಇಳಿಜಾರಾಗಿ ಹರಿದು, ಯಾವ ನಕ್ಷೆಯೂ ಇಲ್ಲದೆ ಒಂದು ಚೆಲುವಾದ ಬಾಗನ್ನು ಬರೆಯುತ್ತದೆ.

ಬಟ್ಟೆಗೆ ಕುಂಚದಿಂದ ರೆಸಿನ್ ಕುಡಿಸುತ್ತಾರೆ. ಅದು ಒಣಗಿ ಚಿಪ್ಪಿನಂತಾದ ಮೇಲೆ ಒಳಮೈಗೆ ಗಾಜಿನ ನಾರಿನ ತುಂಡುಗಳನ್ನು ಒಂದರ ಮೇಲೊಂದು ಅಂಟಿಸಿ ಎರಡು ಮೂರು ಪದರ ಕೊಡುತ್ತಾರೆ. ಪದರಗಳ ನಡುವೆ ಗಾಳಿಯ ಗುಳ್ಳೆ ಉಳಿಯದಂತೆ ಕುಂಚದ ತುದಿಯಿಂದ ಕುಟ್ಟಬೇಕು. ಗುಳ್ಳೆ ಉಳಿದಲ್ಲಿ ಮುಂದೆ ಬಿರುಕು. ಹೊಸಬನಾದ ಹುಡುಗ ಆಕಾರ ಕೊಡಲು ಸುಲಭವೆಂದು ಥರ್ಮಕೋಲನ್ನು ಕೆತ್ತಿ ಅದರ ಮೇಲೆ ರೆಸಿನ್ ಸುರಿದರೆ ಥರ್ಮಕೋಲು ಬೆಣ್ಣೆಯಂತೆ ಕರಗಿಹೋಗುತ್ತದೆ. ರೆಸಿನ್ನಿನಲ್ಲಿರುವ ಸ್ಟೈರೀನ್ ಅದನ್ನು ಕರಗಿಸುವುದೇ ಅದಕ್ಕೆ ಕಾರಣ. ಈ ಪಾಠವನ್ನು ಹೇಳಿ ಕಲಿಸುವುದಕ್ಕಿಂತ ಒಮ್ಮೆ ಕರಗಿಸಿ ಕಲಿಸುವುದೇ ಮೇಸ್ತ್ರಿಗಳ ಪದ್ಧತಿ.

ಮುಂದಿನದೆಲ್ಲ ತಾಳ್ಮೆಯ ಕೆಲಸ. ಉಬ್ಬುತಗ್ಗುಗಳಿಗೆ ಪುಟ್ಟಿ ತುಂಬಿ, ಒರಟು ಉಪ್ಪುಕಾಗದದಿಂದ ತೊಡಗಿ ನುಣುಪಾದದ್ದರವರೆಗೆ ನೀರು ಹಚ್ಚಿ ಹಚ್ಚಿ ಉಜ್ಜುತ್ತಾರೆ. ಕಣ್ಣಿಗೆ ನುಣುಪಾಗಿ ಕಂಡದ್ದು ಕೈಗೆ ಒರಟಾಗಿರಬಹುದು. ಆದ್ದರಿಂದ ನುರಿತವನು ಕಣ್ಣು ಮುಚ್ಚಿ ಅಂಗೈ ಆಡಿಸಿ ನೋಡುತ್ತಾನೆ. ಕಡೆಯಲ್ಲಿ ಹೊಳಪಿಲ್ಲದ ಕಪ್ಪು ಬಣ್ಣ, ಇಲ್ಲವೆ ಡ್ಯಾಶ್‌ಬೋರ್ಡಿಗೆ ಹೊಂದುವ ರೆಗ್ಜಿನ್ ಹೊದಿಕೆ. ಹೊಳೆಯುವ ಬಣ್ಣ ಬೇಕೆಂದು ಹಟ ಹಿಡಿಯುವವರೂ ಉಂಟು. ಹೊಳಪು ಮುಂಗಾಜಿನಲ್ಲಿ ಪ್ರತಿಬಿಂಬಿಸಿ ಬಿಸಿಲಲ್ಲಿ ದಾರಿಯನ್ನೇ ಮಸುಕು ಮಾಡೀತೆಂದು ಅವರಿಗೆ ತಿಳಿಹೇಳಬೇಕಾಗುತ್ತದೆ. ಬಿಸಿಲಿನಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡು ಕೈ ಇಡಲಾಗದಷ್ಟು ಕಾಯುವುದರಿಂದ ಗೂಡನ್ನು ಬರಿಯ ಅಂಟಿನಿಂದ ನಿಲ್ಲಿಸುವಂತಿಲ್ಲ. ಮರೆಯಲ್ಲಿ ತಿರುಪುಗಳ ಆಸರೆ ಬೇಕು. ಮೀಟರಿಗೆ ಹೋಗುವ ತಂತಿಗೆ ತನ್ನದೇ ಫ್ಯೂಜು ಬೇಕು. ತಂತಿ ತಗಡನ್ನು ತೂರಿ ಎಂಜಿನಿನ ಕಡೆಗೆ ಹೋಗುವಲ್ಲಿ ರಬ್ಬರಿನ ಬಳೆ ಬೇಕು. ಇಲ್ಲವಾದರೆ ಅಲುಗಾಟಕ್ಕೆ ತಂತಿಯ ಹೊದಿಕೆ ಸವೆದು ಬೆಂಕಿಗೆ ಹಾದಿಯಾದೀತು.

ಎರಡು ಸೀಸೆಗಳು

ಗ್ಯಾರೇಜಿನ ಹಲಗೆಯ ಮೇಲೆ ಎರಡು ಸಣ್ಣ ಸೀಸೆಗಳಿರುತ್ತವೆ. ಒಂದರಲ್ಲಿ ನೇರಳೆ ಬಣ್ಣದ ಕೋಬಾಲ್ಟ್ ದ್ರಾವಣ, ಇನ್ನೊಂದರಲ್ಲಿ ನೀರಿನಂತೆ ತಿಳಿಯಾದ ಹಾರ್ಡನರ್. ರೆಸಿನ್ ಗಟ್ಟಿಯಾಗುವುದು ಇವೆರಡರ ಚಮತ್ಕಾರದಿಂದ. ಹಾರ್ಡನರಿನ ಪ್ರಮಾಣ ನೂರು ಗ್ರಾಂ ರೆಸಿನ್ನಿಗೆ ಒಂದೆರಡು ಗ್ರಾಂ ಮಾತ್ರ. ಹೆಚ್ಚಾದರೆ ಬೋಗುಣಿಯೇ ಕಾದು ಹೊಗೆಯಾಡುತ್ತದೆ. ಕಡಿಮೆಯಾದರೆ ಮರುದಿನವೂ ಜಿಗುಟು ಹೋಗದು. ಮೊದಲು ಕೋಬಾಲ್ಟನ್ನು ರೆಸಿನ್ನಿನಲ್ಲಿ ಚೆನ್ನಾಗಿ ಕಲಸಬೇಕು, ಆಮೇಲೆಯೇ ಹಾರ್ಡನರ್. ಎರಡು ಸೀಸೆಗಳ ದ್ರವ ನೇರವಾಗಿ ಒಂದನ್ನೊಂದು ಮುಟ್ಟಿದರೆ ಉರಿದೇಳಬಹುದು, ಸಿಡಿಯಲೂಬಹುದು. ಆದ್ದರಿಂದ ಬಲ್ಲವನು ಅವೆರಡನ್ನೂ ಅಕ್ಕಪಕ್ಕದಲ್ಲಿ ಇಡುವುದೇ ಇಲ್ಲ. ಹಲಗೆಯ ಆ ತುದಿಗೊಂದು, ಈ ತುದಿಗೊಂದು, ಜಗಳವಾಡಿದ ದಾಯಾದಿಗಳಂತೆ.

ಹಾರ್ಡನರಿನ ಒಂದು ಹನಿ ಕಣ್ಣಿಗೆ ಸಿಡಿದರೆ ದೃಷ್ಟಿಗೇ ಸಂಚಕಾರ. ತಡಮಾಡದೆ ಬಹಳ ಹೊತ್ತು ನೀರಿನಲ್ಲಿ ತೊಳೆದು ವೈದ್ಯರ ಬಳಿಗೆ ಓಡಬೇಕು. ಉಜ್ಜುವಾಗ ಏಳುವ ಗಾಜಿನ ಧೂಳು ಚರ್ಮಕ್ಕೆ ನವೆ ತರುತ್ತದೆ, ಗಂಟಲನ್ನು ಕೆರೆಯುತ್ತದೆ. ಕನ್ನಡಕ, ಕೈಗವಸು, ಧೂಳಿಗೂ ಆವಿಗೂ ತಕ್ಕ ಮುಖವಾಡ, ತೆರೆದ ಕಿಟಕಿ — ಇವು ಈ ವೃತ್ತಿಗೆ ಅಲಂಕಾರವಲ್ಲ, ಅವಶ್ಯಕತೆ. ಮನೆಯ ಮಹಡಿಯ ಮೇಲೆ ತಾನೇ ಗೂಡು ಕಟ್ಟಿನೋಡುವೆನೆಂದು ಹೊರಡುವ ಉತ್ಸಾಹಿ ತರುಣರೂ, ಅವರ ತಾಯಂದಿರೂ ಇದನ್ನು ತಿಳಿದಿರುವುದು ಒಳಿತು. ಅಡುಗೆಮನೆಯ ಪಾತ್ರೆಯಂತೂ ಈ ಕೆಲಸಕ್ಕೆ ಒಮ್ಮೆಯೂ ಸಲ್ಲದು.

ಬೇಡವೆನ್ನುವ ಜಾಣ್ಮೆ

ಆದರೆ ಕುಶಲಿಯ ನಿಜವಾದ ಪರೀಕ್ಷೆ ನಡೆಯುವುದು ಕಟ್ಟುವಾಗಲ್ಲ, ಕಟ್ಟಲಾರೆನೆನ್ನುವಾಗ.

ಮುಂಗಾಜಿನ ಪಕ್ಕದ ಕಂಬದ ಮೇಲೆ ಸಾಲಾಗಿ ಎರಡು ಮೂರು ಮೀಟರುಗಳನ್ನು ಕೂರಿಸುವುದು ಬಹುಕಾಲದಿಂದ ತರುಣರ ಮೆಚ್ಚಿನ ವಿನ್ಯಾಸ. ಪಂದ್ಯದ ಕಾರಿನ ಕಳೆ ಅದರಿಂದ ಬರುತ್ತದೆ. ಹಳೆಯ ಜೀಪಿಗೋ ಅಂಬಾಸಡರಿಗೋ, ನೋಟಕ್ಕೆ ಅಡ್ಡವಾಗದಷ್ಟು ಮಟ್ಟಿಗೆ, ಅದು ನಡೆದೀತು. ಇಂದಿನ ಹಲವು ಕಾರುಗಳ ಸಂಗತಿ ಬೇರೆ. ಆ ಕಂಬದ ಹೊದಿಕೆಯ ಹಿಂದೆ, ಮೇಲಿನ ಅಂಚಿನುದ್ದಕ್ಕೂ, ಗಾಳಿಚೀಲದ ಪರದೆ ಮಡಿಸಿ ಇಟ್ಟಿರುತ್ತದೆ. ಎಡಗಡೆಯ ಪ್ರಯಾಣಿಕನ ಮುಂದಿನ ಡ್ಯಾಶ್‌ಬೋರ್ಡಿನ ಕೆಳಗೂ ಒಂದು ಚೀಲ ಅಡಗಿರುತ್ತದೆ. ಅಪಘಾತದಲ್ಲಿ ಆ ಚೀಲ ಹಿಗ್ಗಿ ನಿಲ್ಲಲು ಹಿಡಿಯುವ ಕಾಲ ಒಂದು ಸೆಕೆಂಡಿನ ಇಪ್ಪತ್ತರಲ್ಲಿ ಒಂದು ಪಾಲಿಗಿಂತ ಕಡಿಮೆ. ಅದರ ದಾರಿಯಲ್ಲಿ ಗಾಜು, ಲೋಹ, ಗಟ್ಟಿ ಚಿಪ್ಪುಗಳ ಗೂಡೊಂದು ಕುಳಿತಿದ್ದರೆ? ಕಾಪಾಡಬೇಕಾದ ಚೀಲವೇ ಗೂಡನ್ನು ಕಿತ್ತು ಮುಖಕ್ಕೆ ಎಸೆದಂತಾಗುತ್ತದೆ.

"ಅಲ್ಲಿ ಬೇಡ ಸಾರ್. ಬೇಕಾದ್ರೆ ಸ್ಟೇರಿಂಗ್ ಪಕ್ಕ ಕೆಳಗೆ ಮಾಡಿಕೊಡ್ತೀನಿ, ಇಲ್ಲ ಅಂದ್ರೆ ಬೇರೆ ಕಡೆ ನೋಡ್ಕೊಳ್ಳಿ" — ಇಷ್ಟು ಹೇಳಿದರೆ ಗಿರಾಕಿ ಎದುರಿನ ಗ್ಯಾರೇಜಿಗೆ ಹೋಗಬಹುದು, ಅಂದಿನ ಸಂಪಾದನೆಗೆ ಕತ್ತರಿ ಬೀಳಬಹುದು. ಆದರೂ ಹೇಳುವವನೇ ಮೇಸ್ತ್ರಿ. ಮೂರು ದಿನ ಉಜ್ಜಿ ನುಣುಪು ತರುವ ಕೈಗಿಂತ ಒಂದು ಮಾತಿನಲ್ಲಿ ಬೇಡವೆನ್ನುವ ನಾಲಗೆಗೆ ಬೆಲೆ ಹೆಚ್ಚು. ಕಾನೂನಿಗೂ ಇಲ್ಲಿ ಒಂದು ಮಾತಿದೆ: 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣ ತಯಾರಕರು ಗೊತ್ತುಪಡಿಸಿದ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. ತಂತಿಗೆ ಕತ್ತರಿ ಹಾಕಿದರೆ ಹೊಸ ಕಾರಿನ ಖಾತರಿಗೂ ತೊಡಕು ಬರಬಹುದು. ಗೂಡಿನ ಆಸೆ ಹೊತ್ತವರು ಇವೆರಡನ್ನೂ ಮೊದಲು ವಿಚಾರಿಸಿಕೊಳ್ಳುವುದು ಲೇಸು.

ಹೊಸ ಕಾರುಗಳಿಗೆ ಈ ಗೂಡಿನ ಹಂಗೂ ಕಡಿಮೆಯಾಗುತ್ತಿದೆ. ಸ್ಟೇರಿಂಗಿನ ಕೆಳಗಿನ ತಪಾಸಣೆಯ ಕಿಂಡಿಗೆ ಬೆಂಕಿಪೊಟ್ಟಣದಷ್ಟು ಸಾಧನವೊಂದನ್ನು ಚುಚ್ಚಿದರೆ ನೀರಿನ ಕಾವು, ಬ್ಯಾಟರಿಯ ವೋಲ್ಟು ಮೊಬೈಲಿನ ಪರದೆಯ ಮೇಲೇ ಮೂಡುತ್ತವೆ. ಡ್ಯಾಶ್‌ಬೋರ್ಡೇ ಗಾಜಿನ ಹಲಗೆಯಾಗಿರುವಲ್ಲಿ ದುಂಡನೆಯ ಮೀಟರಿಗೆ ಎಡೆಯೆಲ್ಲಿ?

ಆದರೆ ಹಳೆಯ ಗಾಡಿಗಳು ಇನ್ನೂ ಇವೆ. ಅಜ್ಜ ಕೊಂಡ ಪದ್ಮಿನಿಯನ್ನು ಮಾರಲು ಮನಸ್ಸಿಲ್ಲದ ಮೊಮ್ಮಗನಿದ್ದಾನೆ. ಕಾಫಿ ತೋಟದ ಏರಿನಲ್ಲಿ ಇಂದಿಗೂ ದುಡಿಯುವ ಜೀಪಿದೆ. ಅವುಗಳಿಗೆ ಚುಚ್ಚಲು ಕಿಂಡಿಯಿಲ್ಲ, ಮಾತನಾಡಲು ಪರದೆಯಿಲ್ಲ. ತಮ್ಮ ಮೈಯ ಕಾವನ್ನು ಒಡೆಯನಿಗೆ ತಿಳಿಸಲು ಅವುಗಳಿಗಿರುವ ನಾಲಗೆ ಒಂದು ಮುಳ್ಳು. ಆ ಮುಳ್ಳು ಸರಿಯಾದ ಕಡೆ, ಸರಿಯಾದ ಓರೆಯಲ್ಲಿ, ಯಾರಿಗೂ ಅಪಾಯವಾಗದಂತೆ ಕುಳಿತಿದ್ದರೆ ರಾತ್ರಿಯ ಘಟ್ಟದಲ್ಲಿ ಹಿಂದಿನ ಸೀಟಿನ ಮಕ್ಕಳು ನಿಶ್ಚಿಂತೆಯಿಂದ ನಿದ್ದೆಮಾಡಬಹುದು. ಅವರ ನಿದ್ದೆಗೆ ಕಾವಲಾಗಿ ನಿಂತ ಗೂಡನ್ನು ಕಟ್ಟಿದ ಕೈ ಯಾವುದೆಂದು ಅವರಿಗೆ ತಿಳಿಯುವುದಿಲ್ಲ. ತಿಳಿಯಬೇಕೆಂದು ಆ ಕೈ ಬಯಸುವುದೂ ಇಲ್ಲ.